ಇಳಿಯುವ ಕಾಲಿಗೆ ತಾಲೀಮು

ಪ್ರಶ್ನೆ: ನಾನು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 43. ಎರಡು ವರ್ಷಗಳಿಂದ ವಾರಕ್ಕೆ ಮೂರು ದಿನ ಕುಕ್ಕರಹಳ್ಳಿ ಕೆರೆಯ ಸುತ್ತ ಐದಾರು ಕಿಲೋಮೀಟರ್ ಓಡುತ್ತಿದ್ದೇನೆ. ತಿಂಗಳಿಗೆ ಎರಡು ಸಲವಾದರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ದರ್ಶನ ಮುಗಿಸಿಕೊಂಡು ಬಸ್ಸಿನಲ್ಲಿ ಇಳಿಯುತ್ತೇನೆ. ಕಳೆದ ಡಿಸೆಂಬರ್‌ನಲ್ಲಿ ಸಹೋದ್ಯೋಗಿಗಳ ಜೊತೆ ಕುಮಾರ ಪರ್ವತಕ್ಕೆ ಹೋಗಿದ್ದೆ. ಕುಕ್ಕೆಯಿಂದ ಬೆಳಿಗ್ಗೆ ಆರಕ್ಕೆ ಹೊರಟು ಒಂದೂಕಾಲಿಗೆ ತುದಿ ಮುಟ್ಟಿದೆವು. ಹತ್ತುವಾಗ ಎಲ್ಲರಿಗಿಂತ ಮುಂದೆ ನಾನೇ. ಇಳಿಯುವಾಗ ದಾರಿಯ ನಡುವಿನ ಗಿರಿಗದ್ದೆ ದಾಟುವ ಹೊತ್ತಿಗೆ ಮೊಣಕಾಲ ಚಿಪ್ಪಿನ ಸುತ್ತ ಚುಚ್ಚತೊಡಗಿತು. ಕೊನೆಯ ಕಾಡಿನ ದಾರಿಯನ್ನು ಏಡಿಯಂತೆ ಅಡ್ಡಡ್ಡ ಇಳಿದೆ. ಕುಕ್ಕೆ ಸೇರಿದಾಗ ಏಳೂವರೆ, ಕೈಯಲ್ಲಿ ಮೊಬೈಲ್ ಬೆಳಕು. ಆಮೇಲೆ ಮೂರು ದಿನ ಮನೆಯ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಯಿತು.

ಈ ಡಿಸೆಂಬರ್‌ನಲ್ಲಿ ಮತ್ತೆ ಹೋಗುವ ಆಸೆ. ಎನ್‌ಸಿಸಿಯಲ್ಲಿರುವ ಮಗಳು ಈಚೆಗೆ ನನ್ನನ್ನು ಓರಿಯಂಟಿಯರಿಂಗ್ ಅಭ್ಯಾಸಕ್ಕೂ ಎಳೆದುಕೊಂಡು ಹೋಗಿದ್ದಳು. ನಕ್ಷೆ, ದಿಕ್ಸೂಚಿ ಹಿಡಿದು ಗುರುತುಗಳನ್ನು ಹುಡುಕುತ್ತಾ ಓಡುವುದು. ಮೂರು ಕಿಲೋಮೀಟರಿನ ದಾರಿ ನನಗೆ ಐದಾಯಿತು. ಒಂದು ಗುರುತು ಕೊನೆಗೂ ಸಿಗಲಿಲ್ಲ. ದಸರಾ ರಜೆಯಲ್ಲಿ ಒಂದು ವಾರವನ್ನು ಪೂರ್ತಿ ತರಬೇತಿಗೆಂದೇ ಇಟ್ಟುಕೊಂಡಿದ್ದೇನೆ: ಸೋಮವಾರ 8 ಕಿ.ಮೀ. ಓಟ, ಮಂಗಳವಾರ ಬೆಟ್ಟ, ಬುಧವಾರ ವೇಗದ ಓಟ, ಗುರುವಾರ ಬೆಟ್ಟ, ಶುಕ್ರವಾರ 10 ಕಿ.ಮೀ. ಓಟ, ಶನಿವಾರ ಓರಿಯಂಟಿಯರಿಂಗ್, ಭಾನುವಾರ ಬೆಟ್ಟ ಎರಡು ಸಲ. ನಲವತ್ತು ದಾಟಿದ ಹೆಂಗಸರು ಓಡಿದರೆ ಮೊಣಕಾಲು ಸವೆಯುತ್ತದೆ ಎನ್ನುತ್ತಾರೆ ನಮ್ಮ ಅತ್ತೆ. ಹೊರಡುವ ಮುಂಚೆಯೇ ಒಂದು ನೋವಿನ ಮಾತ್ರೆ ನುಂಗಿಬಿಡಿ ಎನ್ನುತ್ತಾರೆ ಸಹೋದ್ಯೋಗಿಯೊಬ್ಬರು. ನಾನು ಓಟ ಬಿಡಬೇಕೇ? ಓರಿಯಂಟಿಯರಿಂಗ್‌ನಿಂದ ನನಗೇನಾದರೂ ಉಪಯೋಗವಿದೆಯೇ? ಈ ವಾರದ ಪಟ್ಟಿ ಸರಿಯಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಆದರೆ ನನ್ನ ಕಣ್ಣು ಹೋಗಿ ನಿಂತದ್ದು ನೀವು ಸುಮ್ಮನೆ ಬರೆದುಬಿಟ್ಟ ಎರಡು ಪದಗಳ ಮೇಲೆ: ‘ಬಸ್ಸಿನಲ್ಲಿ ಇಳಿಯುತ್ತೇನೆ.’ ಕ್ರೀಡಾ ಫಿಸಿಯೋಥೆರಪಿಸ್ಟ್ ಆಗಿ ಇಪ್ಪತ್ತು ವರ್ಷಗಳಿಂದ ಚಾರಣಿಗರ ಮೊಣಕಾಲು ನೋಡುತ್ತಿರುವ ನನಗೆ ನಿಮ್ಮ ತೊಂದರೆಯ ಮುಕ್ಕಾಲು ಪಾಲು ಅಲ್ಲೇ ಕಾಣಿಸಿತು.

ಎರಡು ವರ್ಷ ನೀವು ಬೆಟ್ಟ ಹತ್ತಿದ್ದೀರಿ, ಒಮ್ಮೆಯೂ ಇಳಿದಿಲ್ಲ. ಕೆರೆಯ ಸುತ್ತಲಿನ ದಾರಿಯಂತೂ ಅಂಗೈಯಷ್ಟು ಸಮತಟ್ಟು. ಕುಕ್ಕೆ ಸಮುದ್ರಮಟ್ಟದಿಂದ ನೂರಿಪ್ಪತ್ತು ಮೀಟರಿನ ಆಸುಪಾಸಿನಲ್ಲಿದೆ. ಕುಮಾರ ಪರ್ವತದ ತುದಿ 1,712 ಮೀಟರ್. ಮನೆಯ ಮೆಟ್ಟಿಲೊಂದರ ಎತ್ತರ ಹದಿನೇಳು ಸೆಂಟಿಮೀಟರ್ ಎಂದು ಹಿಡಿದರೆ ಈ ಅಂತರ ಒಂಬತ್ತು ಸಾವಿರಕ್ಕೂ ಹೆಚ್ಚು ಮೆಟ್ಟಿಲಾಗುತ್ತದೆ. ನೀವು ಗಣಿತದವರು, ಭಾಗಿಸಿ ನೋಡಿ. ಇಳಿದೇ ಗೊತ್ತಿಲ್ಲದ ಕಾಲಿಗೆ ಒಂದೇ ಮಧ್ಯಾಹ್ನ ಒಂಬತ್ತು ಸಾವಿರ ಮೆಟ್ಟಿಲು ಇಳಿಸಿದಿರಿ. ಅದು ಗಿರಿಗದ್ದೆಯವರೆಗೆ ಸುಮ್ಮನಿದ್ದುದೇ ದೊಡ್ಡದು.

ಹತ್ತುವುದು ಕಷ್ಟ, ಇಳಿಯುವುದು ಸಲೀಸು ಎಂಬ ನಂಬಿಕೆ ಉಸಿರಾಟದ ಮಟ್ಟಿಗೆ ಮಾತ್ರ ನಿಜ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲಕ್ಕೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಲೇ ಬಿಗಿ ಹಿಡಿಯಬೇಕು. ಅಟ್ಟದಿಂದ ಅಕ್ಕಿ ಮೂಟೆಯನ್ನು ಹಗ್ಗ ಕಟ್ಟಿ ಕೆಳಗಿಳಿಸುವವನನ್ನು ನೆನೆಸಿಕೊಳ್ಳಿ. ಹಗ್ಗ ಬಿಡುತ್ತಲೂ ಇರಬೇಕು, ಕೈಬಿಡಲೂ ಬಾರದು. ಎಳೆಯುವವನಿಗೆ ಬೆವರು ಬರುತ್ತದೆ, ಇಳಿಸುವವನಿಗೆ ಅಂಗೈ ಕಿತ್ತುಹೋಗುತ್ತದೆ. ಹೀಗೆ ತಡೆಯುತ್ತಾ ಇಳಿಸುವ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಬರಿಗಣ್ಣಿಗೆ ಕಾಣದ ಸಣ್ಣ ಹರಕುಗಳಾಗುತ್ತವೆ. ಅವು ಬಾತು, ರಿಪೇರಿಯಾಗುವ ಹೊತ್ತಿನ ನೋವೇ ನಿಮ್ಮನ್ನು ಮೂರು ದಿನ ಗೋಡೆ ಹಿಡಿಸಿದ್ದು. ಅದು ಅಂದೇ ಬರುವುದಿಲ್ಲ. ಮರುದಿನ ಶುರುವಾಗಿ, ಸಾಮಾನ್ಯವಾಗಿ ಎರಡನೆಯ ದಿನ ಜೋರಾಗಿ, ಮೂರು ನಾಲ್ಕು ದಿನಗಳಲ್ಲಿ ಇಳಿಯುತ್ತದೆ.

ಇದಕ್ಕೆ ‘ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ’ ಎಂಬ ವಿವರಣೆ ಇನ್ನೂ ಜಿಮ್ಮುಗಳಲ್ಲಿ ಓಡಾಡಿಕೊಂಡಿದೆ. ರಕ್ತದಲ್ಲಿ ಏರಿದ ಲ್ಯಾಕ್ಟೇಟ್ ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಮಂಗಳವಾರದ ನೋವಿಗೆ ಭಾನುವಾರದ ಲ್ಯಾಕ್ಟೇಟ್ ಹೊಣೆಯಾಗಲಾರದು. ಉಜ್ಜಿಸಿಕೊಂಡರೆ ಹಿತವಾಗಬಹುದು, ಉಜ್ಜಿಸಿಕೊಳ್ಳಿ. ಆದರೆ ಅದು ಯಾವ ಆಮ್ಲವನ್ನೂ ಹಿಂಡಿ ತೆಗೆಯುವುದಿಲ್ಲ.

ಇಲ್ಲಿ ನಿಮಗೆ ಅನುಕೂಲವಾಗುವ ಸಂಗತಿಯೂ ಒಂದಿದೆ. ಸ್ನಾಯು ಇಂಥ ಏಟನ್ನು ಒಮ್ಮೆ ತಿಂದರೆ ಮುಂದಿನ ಸಲಕ್ಕೆ ತಯಾರಾಗುತ್ತದೆ. ಒಂದು ಹದವಾದ ಇಳಿತದ ರಕ್ಷಣೆ ಹಲವು ವಾರ ಉಳಿಯುತ್ತದೆ; ಎರಡನೆಯ ಸಲ ಅದೇ ಇಳಿತಕ್ಕೆ ನೋವು ಗಮನಾರ್ಹವಾಗಿ ಕಡಿಮೆ. ಅಂದರೆ ಇದು ವಯಸ್ಸಿಗಿಂತ ಹೆಚ್ಚಾಗಿ ರೂಢಿಗೆ ಸೇರಿದ ವಿಷಯ. ಕುಮಾರ ಪರ್ವತದ ದಾರಿಯಲ್ಲಿ ನಿಮಗಿಂತ ಹಿರಿಯರು ಕೈಬೀಸಿಕೊಂಡು ಇಳಿಯುವುದನ್ನು ನೀವೂ ನೋಡಿರಬೇಕು.

ನಿಮ್ಮ ಅತ್ತೆಯವರ ಮಾತಿಗೆ ಬರೋಣ. ಅವರ ಕಾಳಜಿ ದೊಡ್ಡದು, ಆದರೆ ಮಾತು ಪೂರ್ತಿ ಸರಿಯಲ್ಲ. ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿ ಸ್ಕೂಟರಿನ ಟೈರಿನಂತೆ ಓಡಿದಷ್ಟೂ ಸವೆಯುವ ವಸ್ತುವಲ್ಲ. ಅದು ಜೀವಂತ ಅಂಗಾಂಶ, ಹದವಾದ ಭಾರ ಬಿದ್ದರೆ ಅದಕ್ಕೆ ಹೊಂದಿಕೊಳ್ಳುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಹವ್ಯಾಸಕ್ಕೆ ಓಡುವವರ ಪೈಕಿ ಮೊಣಕಾಲು ಅಥವಾ ಸೊಂಟದ ಕೀಲು ಸವೆತ ಕಂಡುಬಂದದ್ದು ನೂರಕ್ಕೆ ಮೂರೂವರೆ ಮಂದಿಯಲ್ಲಿ. ಓಡದೆ ಕೂತವರಲ್ಲಿ ಅದು ನೂರಕ್ಕೆ ಹತ್ತು. ಸ್ಪರ್ಧೆಯ ಮಟ್ಟದಲ್ಲಿ ಓಡುವವರಲ್ಲಿ ಹದಿಮೂರು. ಮಂಡಿ ನೋವಿರುವವರು ಮೊದಲೇ ಓಟ ಬಿಟ್ಟಿರಬಹುದು, ಆದ್ದರಿಂದ ಓಟವೇ ಕಾಪಾಡುತ್ತದೆ ಎಂದು ಈ ಅಂಕಿಗಳಿಂದ ಸಾಧಿಸಲಾಗದು. ಆದರೆ ವಾರಕ್ಕೆ ಹದಿನೈದಿಪ್ಪತ್ತು ಕಿಲೋಮೀಟರ್ ಓಡುವ ನಿಮ್ಮನ್ನು ಹೆದರಿಸಲು ಇವುಗಳಲ್ಲಿ ಏನೂ ಇಲ್ಲ. ಎಕ್ಸ್‌ರೇ ತೆಗೆಸಿ ‘ಸ್ವಲ್ಪ ಸವೆತ ಇದೆ’ ಎಂದು ವರದಿ ಬಂದರೂ ಗಾಬರಿ ಬೇಡ. ನಲವತ್ತು ದಾಟಿದವರ ಚಿತ್ರಗಳಲ್ಲಿ ಅಂಥದ್ದು ಕಾಣುವುದು ಸಾಮಾನ್ಯ, ನೋವೇ ಇಲ್ಲದವರಲ್ಲೂ ಕಾಣುತ್ತದೆ. ನಾನು ನೋಡುವುದು ಕಾಲನ್ನು, ಫಿಲ್ಮನ್ನು ಆಮೇಲೆ.

ಕಾಲನ್ನು ನೀವೇ ನೋಡಿಕೊಳ್ಳುವ ಒಂದು ವಿಧಾನ ಹೇಳುತ್ತೇನೆ. ಮನೆಯ ಮೆಟ್ಟಿಲಿನ ಕೊನೆಯ ಹಂತದ ಮೇಲೆ ಬರಿಗಾಲಲ್ಲಿ ನಿಲ್ಲಿ, ಎದುರಿಗೆ ಕನ್ನಡಿಯಿಟ್ಟುಕೊಳ್ಳಿ ಅಥವಾ ಮಗಳ ಕೈಗೆ ಮೊಬೈಲ್ ಕೊಟ್ಟು ಚಿತ್ರೀಕರಿಸಲು ಹೇಳಿ. ಎಡಗಾಲನ್ನು ಮುಂದೆ ಚಾಚಿ, ಬಲಗಾಲಿನ ಮೇಲೆಯೇ ಭಾರವಿಟ್ಟು, ನಾಲ್ಕು ಎಣಿಸುವಷ್ಟು ನಿಧಾನವಾಗಿ ಕುಗ್ಗುತ್ತಾ ಎಡ ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ, ಭಾರ ಹಾಕದೆ ಮತ್ತೆ ಮೇಲೆ ಬನ್ನಿ. ಬಲ ಮೊಣಕಾಲು ಎತ್ತ ಹೋಯಿತು ನೋಡಿ. ಕಾಲಿನ ಎರಡನೆಯ ಬೆರಳಿನ ನೇರಕ್ಕೆ ಬಗ್ಗಿದರೆ ಸರಿ. ನನ್ನ ಕೋಣೆಗೆ ಬರುವ ಹತ್ತರಲ್ಲಿ ಏಳೆಂಟು ಮಂದಿಯ ಮೊಣಕಾಲು ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲುತ್ತದೆ, ಸೊಂಟದ ಇನ್ನೊಂದು ಬದಿ ಕುಸಿಯುತ್ತದೆ, ಮೂರನೆಯ ಎಣಿಕೆಗೆ ಹಿಮ್ಮಡಿ ದಡ್ಡೆಂದು ನೆಲಕ್ಕೆ ಬೀಳುತ್ತದೆ. ಹಾಗೆ ವಾಲಿದಾಗ ಚಿಪ್ಪು ತನ್ನ ಜಾಡಿನಲ್ಲಿ ಸರಾಗವಾಗಿ ಜಾರದೆ ಒಂದು ಬದಿಗೆ ಒತ್ತುತ್ತದೆ. ಚಿಪ್ಪಿನ ಸುತ್ತ ಚುಚ್ಚಿತು ಎಂದು ನೀವು ಬರೆದದ್ದು ಬಹುಶಃ ಇದೇ. ನೋವು ಮೊಣಕಾಲಿನ ಹೊರಬದಿಯಲ್ಲಿ, ಚಾಕುವಿನಿಂದ ಗೀರಿದ ಹಾಗಿದ್ದರೆ ಅದು ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಮೊಣಕಾಲಿನವರೆಗೆ ಇಳಿಯುವ ಪಟ್ಟಿಯದು. ಅದರ ಚಿಕಿತ್ಸೆ ಸ್ವಲ್ಪ ಬೇರೆ.

ಅಂದರೆ ನಿಮಗೆ ಅಂದು ಎರಡು ನೋವುಗಳಿದ್ದವು. ತೊಡೆ ದಣಿದು ಬ್ರೇಕು ಸಡಿಲವಾಯಿತು. ಬ್ರೇಕು ಸಡಿಲವಾದದ್ದರಿಂದ ಚಿಪ್ಪಿಗೆ ಏಟು ಬಿತ್ತು. ಗಿರಿಗದ್ದೆಯವರೆಗೆ ನೋವಿಲ್ಲದೆ ಆಮೇಲೆ ಶುರುವಾದದ್ದು ಈ ಕಾರಣಕ್ಕೆ. ಎರಡಕ್ಕೂ ಮದ್ದು ಒಂದೇ: ಇಳಿಯುವ ಶಕ್ತಿ.

ಈ ಜಾಗದಲ್ಲಿ ಮಾತ್ರೆಯ ಮಾತು ಬರಬಾರದು, ಆದರೂ ಕೇಳಿದ್ದೀರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳನ್ನು ನುಂಗಿಕೊಂಡು ಚಾರಣಕ್ಕೆ ಹೊರಡುವವರ ಸಂಖ್ಯೆ ಕಂಡು ನನಗೆ ನಿಜವಾಗಿಯೂ ಭಯವಾಗುತ್ತದೆ. ಬಿಸಿಲಿನಲ್ಲಿ ಬೆವರಿ ದೇಹದ ನೀರು ಇಳಿದಾಗ ಮೂತ್ರಪಿಂಡಕ್ಕೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಈ ಮಾತ್ರೆಗಳು ಅದನ್ನು ಇನ್ನಷ್ಟು ಇಳಿಸುತ್ತವೆ. ಅದರ ಜೊತೆಗೆ ಸ್ನಾಯು ಹಾನಿಯಾಗಿ ಅದರ ಪ್ರೋಟೀನು ರಕ್ತಕ್ಕೆ ಸೇರಿದರೆ ಮೂತ್ರಪಿಂಡಕ್ಕೆ ಮೂರನೆಯ ಏಟು. ಸಾಲದ್ದಕ್ಕೆ, ನೋವು ನಿಮಗೆ ಕೊಡಬೇಕಾದ ಎಚ್ಚರಿಕೆಯೂ ಮರೆಯಾಗುತ್ತದೆ. ಚಾರಣದ ಮರುದಿನ ಅಥವಾ ಅದರ ಮರುದಿನ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ, ತೊಡೆ ಬಾತು ಕಲ್ಲಿನಂತಾದರೆ, ಎಳನೀರು ಕುಡಿಯುತ್ತಾ ಕಾಯಬೇಡಿ. ಆಸ್ಪತ್ರೆಗೆ ಹೋಗಿ, ಏನು ಮಾಡಿದ್ದಿರಿ, ಯಾವ ಮಾತ್ರೆ ತೆಗೆದುಕೊಂಡಿದ್ದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಅಪರೂಪದ ಸಂಗತಿ, ಆದರೆ ನಾನು ಕಂಡಿದ್ದೇನೆ.

ಇನ್ನು ಓರಿಯಂಟಿಯರಿಂಗ್. ಮೂರು ಕಿಲೋಮೀಟರ್ ಐದಾಯಿತು ಎಂದು ನೀವು ನಾಚಿಕೊಂಡಂತಿದೆ. ನನ್ನ ಮೊದಲ ಸ್ಪರ್ಧೆಯಲ್ಲಿ ನಾನು ಹಳ್ಳವನ್ನು ದಿಬ್ಬವೆಂದು ಓದಿಕೊಂಡು, ಉತ್ಸಾಹದಿಂದ ಅರ್ಧ ಗಂಟೆ ತಪ್ಪು ದಿಕ್ಕಿಗೆ ಓಡಿ, ಯಾರದೋ ಕಾಫಿ ತೋಟದೊಳಗೆ ಪ್ರತ್ಯಕ್ಷನಾದೆ. ಅಲ್ಲಿನ ನಾಯಿಗಳು ನನ್ನ ಅಂದಿನ ವೇಗದ ದಾಖಲೆಯನ್ನು ಮಾಡಿಸಿದವು. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳು ಎರಡಕ್ಕೂ ಒಂದೇ ಥರ ಬಾಗಿರುತ್ತವೆ. ಬಾಗು ಎತ್ತರದ ಕಡೆಗೆ ಚಾಚಿದ್ದರೆ ಹಳ್ಳ, ತಗ್ಗಿನ ಕಡೆಗೆ ಚಾಚಿದ್ದರೆ ದಿಬ್ಬದ ಮೂಗು. ಓಡುತ್ತಾ ಏದುಸಿರಿನಲ್ಲಿ ಇದನ್ನು ಓದುವುದೇ ಈ ಕ್ರೀಡೆಯ ಕಷ್ಟ, ಅದೇ ಅದರ ಸ್ವಾರಸ್ಯ. ನಾರ್ವೆಯಲ್ಲಿ 1897ರಲ್ಲೇ ಇದರ ಸಾರ್ವಜನಿಕ ಸ್ಪರ್ಧೆ ನಡೆದಿತ್ತು. ಅಲ್ಲಿಂದ ಸ್ವೀಡನ್ನಿನಲ್ಲಿ ಬೆಳೆದು, 1961ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವಾಯಿತು. ನಮ್ಮಲ್ಲಿ ಹೆಚ್ಚಿನವರಿಗೆ ಇದರ ಪರಿಚಯ ಎನ್‌ಸಿಸಿ ಶಿಬಿರದ ಮ್ಯಾಪ್ ರೀಡಿಂಗ್ ಪಾಠದಿಂದ. ನಿಮ್ಮ ಮಗಳು ಒಳ್ಳೆಯ ಗುರು.

ಉಪಯೋಗವೇನು ಎಂದರೆ, ಮೊದಲನೆಯದಾಗಿ ಪಾದ. ಕೆರೆಯ ದಾರಿಯಲ್ಲಿ ನಿಮ್ಮ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ನಕಲು. ಕುರುಚಲು ಕಾಡಿನಲ್ಲಿ ಎರಡು ಹೆಜ್ಜೆ ಒಂದೇ ಥರ ಬೀಳುವುದಿಲ್ಲ. ಕಲ್ಲು, ಬೇರು, ತರಗೆಲೆಯ ಕೆಳಗಿನ ಗುಂಡಿ. ಕಣಕಾಲಿನ ಸುತ್ತಲಿನ ಸಣ್ಣ ಸ್ನಾಯುಗಳು ಎಚ್ಚರಗೊಳ್ಳುವುದು ಅಲ್ಲಿ. ಅದೇ ಕಾರಣಕ್ಕೆ ಕಾಡಿನ ಐದು ಕಿಲೋಮೀಟರ್ ರಸ್ತೆಯ ಐದಕ್ಕಿಂತ ಎಷ್ಟೋ ಹೆಚ್ಚು ಶಕ್ತಿ ಬೇಡುತ್ತದೆ. ನಿಮ್ಮ ಪಟ್ಟಿಯಲ್ಲಿ ಶನಿವಾರವನ್ನು ಹಗುರ ದಿನವೆಂದು ಎಣಿಸಿದ್ದರೆ ಅದು ತಪ್ಪು ಲೆಕ್ಕ.

ಎರಡನೆಯ ಉಪಯೋಗ ತಲೆಗೆ. ಉಸಿರು ಮೇಲಕ್ಕೆ ಹೋದಾಗ ಬುದ್ಧಿ ಕೆಳಗೆ ಬರುತ್ತದೆ, ಇದು ಎಲ್ಲರಿಗೂ ಆಗುವುದು. ನಕ್ಷೆ ಓದಲಾಗದ ವೇಗದಲ್ಲಿ ಓಡಬಾರದು ಎಂಬುದು ಓರಿಯಂಟಿಯರಿಂಗ್‌ನ ಮೊದಲ ಪಾಠ. ಚಾರಣದಲ್ಲಿ ಅದು ಜೀವ ಉಳಿಸುವ ಪಾಠ. ಕುಮಾರ ಪರ್ವತದ ತುದಿಗೆ ಮುನ್ನ ಸಿಗುವ ಶೇಷ ಪರ್ವತದ ಬಳಿಯ ಹುಲ್ಲುಗಾವಲಿನಲ್ಲಿ ಮಂಜು ಕವಿದರೆ ಹತ್ತು ಮಾರು ಆಚೆಯ ದಾರಿ ಕಾಣದು. ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ, ಅದು ತಪ್ಪು. ಜಿಪಿಎಸ್‌ಗೆ ಆಕಾಶ ಕಂಡರೆ ಸಾಕು. ನೆಟ್‌ವರ್ಕ್ ಬೇಕಾಗುವುದು ನಕ್ಷೆ ಇಳಿಸಿಕೊಳ್ಳಲು. ಮನೆಯಲ್ಲೇ ನಕ್ಷೆ ಇಳಿಸಿಟ್ಟುಕೊಂಡರೆ ಮೊಬೈಲ್ ದಾರಿ ತೋರಿಸುತ್ತದೆ, ಬ್ಯಾಟರಿ ಇರುವವರೆಗೆ. ಕಳೆದ ಸಲ ಕೊನೆಯ ಒಂದೂವರೆ ಗಂಟೆ ನಿಮ್ಮ ಮೊಬೈಲ್ ಟಾರ್ಚಾಗಿತ್ತು. ಅದರಲ್ಲಿ ಎಷ್ಟು ಬ್ಯಾಟರಿ ಉಳಿದಿತ್ತು ಎಂದು ಕೇಳಬೇಕೆನಿಸುತ್ತದೆ.

ಮುಂದಿನ ಸಲ ಓರಿಯಂಟಿಯರಿಂಗ್‌ಗೆ ಹೋದಾಗ ಓಡಬೇಡಿ, ನಡೆಯಿರಿ. ಮೂರು ಅಭ್ಯಾಸ ಸಾಕು. ನಕ್ಷೆಯನ್ನು ನೆಲದ ದಿಕ್ಕಿಗೇ ತಿರುಗಿಸಿ ಹಿಡಿಯಿರಿ, ನೀವು ತಿರುಗಿದಾಗ ನಕ್ಷೆಯೂ ತಿರುಗಲಿ. ನೀವಿರುವ ಜಾಗದ ಮೇಲೆ ಹೆಬ್ಬೆರಳಿಟ್ಟು, ನಡೆದ ಹಾಗೆ ಬೆರಳನ್ನು ಸರಿಸುತ್ತಾ ಹೋಗಿ. ನೂರು ಮೀಟರಿಗೆ ನಿಮ್ಮ ಎಡಗಾಲು ಎಷ್ಟು ಸಲ ಬೀಳುತ್ತದೆ ಎಂದು ಶಾಲೆಯ ಮೈದಾನದಲ್ಲಿ ಎಣಿಸಿಟ್ಟುಕೊಳ್ಳಿ. ಸಾಮಾನ್ಯ ನಡಿಗೆಯಲ್ಲಿ ಅರವತ್ತರಿಂದ ಅರವತ್ತೈದು. ಸಿಗದೇ ಹೋದ ಆ ಗುರುತನ್ನು ನೀವು ಬಹುಶಃ ದಾಟಿ ಮುಂದೆ ಹೋಗಿದ್ದಿರಿ. ಎಣಿಕೆ ಇದ್ದರೆ ಎಲ್ಲಿ ನಿಂತು ಹುಡುಕಬೇಕೆಂದು ತಿಳಿಯುತ್ತದೆ.

ಈಗ ನಿಮ್ಮ ಪಟ್ಟಿ. ಒಂದು ವಾರದಲ್ಲಿ ದೇಹ ಕಟ್ಟಿಕೊಳ್ಳುವುದಿಲ್ಲ. ಒಂದು ವಾರದಲ್ಲಿ ಅದನ್ನು ಕೆಡಿಸಿಕೊಳ್ಳಲು ಮಾತ್ರ ಸಾಧ್ಯ. ಹೃದಯ, ಶ್ವಾಸಕೋಶಗಳು ಕೆಲವು ವಾರಗಳಲ್ಲಿ ಸುಧಾರಿಸುತ್ತವೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಎಲ್ಲರೂ ಎಡವುವುದು ಈ ಅಂತರದಲ್ಲಿ: ಉಸಿರು ‘ಇನ್ನೂ ಓಡು’ ಎನ್ನುತ್ತದೆ, ಮಂಡಿ ಇನ್ನೂ ಅಲ್ಲಿಗೆ ಬಂದಿರುವುದಿಲ್ಲ. ವಾರಕ್ಕೆ ನೂರಕ್ಕೆ ಹತ್ತರಷ್ಟು ಮಾತ್ರ ಏರಿಸಿದರೆ ಗಾಯವೇ ಆಗದು ಎಂಬ ಪ್ರಸಿದ್ಧ ಸೂತ್ರವನ್ನೂ ನಾನು ಬಹಳ ನಂಬುವುದಿಲ್ಲ. ಹೊಸ ಓಟಗಾರರ ಮೇಲೆ ನೆದರ್ಲೆಂಡ್ಸ್‌ನಲ್ಲಿ ಅದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ, ಸೂತ್ರ ಪಾಲಿಸಿದವರಿಗೂ ಪಾಲಿಸದವರಿಗೂ ಗಾಯದ ಪ್ರಮಾಣ ಒಂದೇ ಆಗಿತ್ತು, ಐವರಲ್ಲಿ ಒಬ್ಬರಿಗೆ. ನಿಮ್ಮ ಪಟ್ಟಿಗಂತೂ ಆ ಸೂತ್ರದ ಅಳತೆಗೋಲೂ ಬೇಡ. ಮೂರು ದಿನದ ರೂಢಿಯಿಂದ ಒಮ್ಮೆಗೇ ಏಳು ದಿನಕ್ಕೆ ಹಾರಿದ್ದೀರಿ.

ಇನ್ನೊಂದು ದೋಷ ಕಣ್ಣಿಗೆ ಬೀಳದಂಥದ್ದು. ಮಂಗಳವಾರ ಬೆಟ್ಟ ಇಳಿದರೆ ತೊಡೆಯ ನೋವು ಸಾಮಾನ್ಯವಾಗಿ ಅತ್ಯಂತ ಜೋರಾಗಿರುವುದು ಗುರುವಾರ. ನೀವು ಸರಿಯಾಗಿ ಅದೇ ಗುರುವಾರ ಮತ್ತೆ ಬೆಟ್ಟ ಇಟ್ಟಿದ್ದೀರಿ.

ದಸರಾ ಊರಿನವರಾದ ನಿಮಗೆ ಬೇರೆ ಉದಾಹರಣೆ ಬೇಕಿಲ್ಲ. ಜಂಬೂ ಸವಾರಿಯ ಆನೆಗಳ ತಾಲೀಮನ್ನು ನೋಡಿದ್ದೀರಲ್ಲ? ವಿಜಯದಶಮಿಯಂದು 750 ಕಿಲೋ ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್ ನಡೆಯಬೇಕಾದ ಆನೆಯನ್ನು ವಾರಗಟ್ಟಲೆ ಮುಂಚೆಯೇ ಕಾಡಿನಿಂದ ಕರೆತರುತ್ತಾರೆ. ಮೊದಲು ಬರಿಮೈಯಲ್ಲಿ ಅದೇ ದಾರಿ ನಡೆಸುತ್ತಾರೆ. ಆಮೇಲೆ ಮರಳಿನ ಮೂಟೆ, ಭಾರ ಸ್ವಲ್ಪ ಸ್ವಲ್ಪವೇ ಏರಿಕೆ, ಆಮೇಲೆ ಮರದ ಅಂಬಾರಿ. ಮಾವುತರು ಯಾವ ಕ್ರೀಡಾ ವಿಜ್ಞಾನವನ್ನೂ ಓದಿದವರಲ್ಲ, ಆದರೆ ಅವರ ಪಟ್ಟಿ ನಿಮ್ಮ ಪಟ್ಟಿಗಿಂತ ಚೆನ್ನಾಗಿದೆ.

ನಿಮ್ಮ ಮುಂದೆ ಮೂರು ದಾರಿಗಳಿವೆ. ರಜೆಯ ವಾರವನ್ನು ನೀವು ಬರೆದ ಹಾಗೆಯೇ ಮುಗಿಸಿ ಆಮೇಲೆ ಹತ್ತು ದಿನ ಸುಮ್ಮನಿರುವುದು ಒಂದು. ತರಬೇತಿ ಶಿಬಿರಗಳು ಹೀಗೇ ನಡೆಯುತ್ತವೆ, ಆದರೆ ಅಲ್ಲಿಗೆ ಬರುವವರು ವರ್ಷಗಟ್ಟಲೆ ವಾರಕ್ಕೆ ಐದಾರು ದಿನ ಓಡಿದವರು. ನಿಮ್ಮ ವಿಷಯದಲ್ಲಿ ಬುಧವಾರದ ವೇಗದ ಓಟಕ್ಕೇ ಮೀನಖಂಡ ಹಿಡಿದುಕೊಳ್ಳುವ ಸಂಭವ ಹೆಚ್ಚು. ಓಟ ಪೂರ್ತಿ ಬಿಟ್ಟು ಬೆಟ್ಟವೊಂದನ್ನೇ ಹತ್ತಿಳಿಯುವುದು ಎರಡನೆಯದು. ಚಾರಣವೊಂದೇ ಗುರಿಯಾದರೆ ಅದು ಸಾಕು ಕೂಡ. ಆದರೆ ವಾರದ ನಡುವೆ ಬೆಟ್ಟಕ್ಕೆ ಹೋಗಲಾಗದ ದಿನಗಳಲ್ಲಿ ನಿಮ್ಮ ಉಸಿರು ಕಾಯುವುದು ಕೆರೆಯ ದಾರಿಯೇ. ಎರಡು ವರ್ಷದ ಆ ಗಳಿಕೆಯನ್ನು ಚೆಲ್ಲುವುದು ನನಗೆ ಸರಿಕಾಣುವುದಿಲ್ಲ. ನಾನು ಹೇಳುವುದು ಮೂರನೆಯದನ್ನು: ರಜೆಯ ವಾರವನ್ನು ಮೊದಲ ಮೆಟ್ಟಿಲಾಗಿ ಮಾತ್ರ ಬಳಸಿ, ಡಿಸೆಂಬರ್ ನಡುವಿನವರೆಗಿನ ಎಂಟೊಂಬತ್ತು ವಾರಗಳಿಗೆ ಅದೇ ಕೆಲಸವನ್ನು ಹರಡಿಕೊಳ್ಳುವುದು.

ರಜೆಯ ವಾರ ಹೀಗಿರಲಿ. ಸೋಮವಾರ ಐದಾರು ಕಿಲೋಮೀಟರ್ ಓಟ, ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವ ವೇಗದಲ್ಲಿ. ದೊಡ್ಡ ಓಟಗಾರರು ಕೂಡ ತಮ್ಮ ಅಭ್ಯಾಸದ ಐದರಲ್ಲಿ ನಾಲ್ಕು ಭಾಗವನ್ನು ಇಂಥ ಸಾವಕಾಶದ ಓಟದಲ್ಲೇ ಕಳೆಯುತ್ತಾರೆ. ದಿನವೂ ಏದುಸಿರು ಬಿಡುವುದು ನಮ್ಮಂಥ ಹವ್ಯಾಸಿಗಳ ಚಟ. ಮಂಗಳವಾರ ಬೆಳಿಗ್ಗೆ ಐದೂವರೆಗೆಲ್ಲ ಚಾಮುಂಡಿ ಬೆಟ್ಟದ ಬುಡದಲ್ಲಿರಿ. ಸಾವಿರ ಮೆಟ್ಟಿಲನ್ನೂ ಹತ್ತಿ, ಆದರೆ ಇಳಿಯುವಾಗ ನಂದಿಯವರೆಗೆ ಮಾತ್ರ ಮೆಟ್ಟಿಲಲ್ಲಿ ಬನ್ನಿ. ಅದು ಸುಮಾರು ಮುನ್ನೂರು ಮೆಟ್ಟಿಲು. ನಂದಿಯ ಬಳಿ ರಸ್ತೆ ಸಿಗುತ್ತದೆ, ಅಲ್ಲಿಗೆ ಯಾರಾದರೂ ಗಾಡಿ ತರಲಿ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ದಿನಗಳು ಅವು. ನುಣುಪಾದ ಕಲ್ಲಿನ ಮೇಲೆ ಆ ಪುಡಿ ಇಬ್ಬನಿಗೆ ಒದ್ದೆಯಾದರೆ ಚೆನ್ನಾಗಿ ಜಾರುತ್ತದೆ. ಚಪ್ಪಲಿ ಬಿಟ್ಟು ಹತ್ತುವ ಪದ್ಧತಿ ನಿಮ್ಮದಾದರೆ ಇಳಿಯಲು ಶೂ ಚೀಲದಲ್ಲಿರಲಿ. ಇಳಿಯುವಾಗ ಹೆಜ್ಜೆ ಚಿಕ್ಕದು, ಮೊಣಕಾಲು ಸದಾ ತುಸು ಬಗ್ಗಿದ್ದು, ಪಾದ ಸದ್ದಿಲ್ಲದೆ ಬೀಳಬೇಕು. ನಿಮ್ಮ ಹೆಜ್ಜೆಯ ಸದ್ದು ನಿಮಗೇ ಕೇಳಿಸತೊಡಗಿದರೆ ತೊಡೆ ಸೋತಿದೆ ಎಂದರ್ಥ, ಅಂದಿಗೆ ಸಾಕು.

ಬುಧವಾರ ಮನೆಗೆಲಸದಷ್ಟೇ ವ್ಯಾಯಾಮ. ಗುರುವಾರ ಅರ್ಧ ಗಂಟೆ ನಡಿಗೆ, ಸಮತಟ್ಟಿನಲ್ಲಿ. ನೋವು ಹೆಚ್ಚಿದ್ದರೆ ಅದೂ ಬೇಡ. ಶುಕ್ರವಾರ ಬಸ್ಕಿ. ಗರಡಿಯ ಊರಿನಲ್ಲಿದ್ದುಕೊಂಡು ಇದನ್ನು ಇಂಗ್ಲಿಷಿನಲ್ಲಿ ಹೇಳುವವರನ್ನು ಕಂಡರೆ ನನಗೆ ತಮಾಷೆ. ಕುರ್ಚಿಯ ಅಂಚು ತಾಗುವವರೆಗೆ ನಾಲ್ಕೆಣಿಸುತ್ತಾ ಇಳಿದು, ಒಂದಕ್ಕೆ ಏಳುವುದು, ಹತ್ತರ ಮೂರು ಸುತ್ತು. ಆಮೇಲೆ ಮೇಲೆ ಹೇಳಿದ ಮೆಟ್ಟಿಲಿಳಿತ, ಒಂದೊಂದು ಕಾಲಿಗೆ ಎಂಟು ಸಲ, ಎರಡು ಸುತ್ತು. ಶನಿವಾರ ಮಗಳ ಜೊತೆ ಓರಿಯಂಟಿಯರಿಂಗ್, ನಡಿಗೆಯಲ್ಲಿ. ಭಾನುವಾರ ಬೆಟ್ಟ ಒಂದೇ ಸಲ. ಮಂಗಳವಾರದ ನೋವು ಪೂರ್ತಿ ಇಳಿದಿದ್ದರೆ ಈ ಸಲ ಬುಡದವರೆಗೂ ಮೆಟ್ಟಿಲಲ್ಲೇ ಇಳಿಯಿರಿ. ವೇಗದ ಓಟವನ್ನೂ ಹತ್ತು ಕಿಲೋಮೀಟರನ್ನೂ ನಾನು ಕಿತ್ತುಹಾಕಿದ್ದೇನೆ ಎಂದು ಬೇಸರವಾಗಬಹುದು. ಈ ಡಿಸೆಂಬರಿಗೆ ಅವು ಬೇಕಾಗಿಲ್ಲ.

ಶಾಲೆ ಶುರುವಾದ ಮೇಲೆ ವಾರಕ್ಕೆ ಎರಡು ಓಟ, ಎರಡು ಸಲ ಬಸ್ಕಿ, ಭಾನುವಾರ ಬೆಟ್ಟ. ನವೆಂಬರಿನಲ್ಲಿ ಭಾನುವಾರದ ಬೆಟ್ಟ ಎರಡು ಸಲವಾಗಲಿ, ಬೆನ್ನಿಗೆ ಚೀಲ ಬರಲಿ, ಚೀಲಕ್ಕೆ ಮೊದಲು ಎರಡು ಲೀಟರ್ ನೀರು, ಆಮೇಲೆ ನಾಲ್ಕು. ಮೇಲಿಂದ ಇಳಿಯುವ ಮುಂಚೆ ನೀರು ಸುರಿದುಬಿಡಬಹುದು ಎಂಬ ಉಪಾಯ ಕೆಲವರು ಹೇಳುತ್ತಾರೆ. ನೀವು ಮಾಡಬೇಡಿ, ನಿಮಗೆ ಭಾರ ಬೇಕಿರುವುದು ಇಳಿಯುವಾಗಲೇ. ಹೊರಡುವ ಹತ್ತು ದಿನ ಮುಂಚೆ ಕೊನೆಯ ದೊಡ್ಡ ಇಳಿತ, ಆಮೇಲೆ ಹಗುರ. ಈ ನಡುವೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ನಿಮ್ಮ ವಯಸ್ಸಿನ ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದು, ಅದನ್ನು ‘ಸುಸ್ತು’ ಎಂದು ವರ್ಷಗಟ್ಟಲೆ ಸಹಿಸಿಕೊಂಡಿರುವುದನ್ನು ನೋಡುತ್ತಲೇ ಇದ್ದೇನೆ.

ಚಾರಣದ ದಿನದ ಲೆಕ್ಕವನ್ನೂ ನಕ್ಷೆ ಹಿಡಿದೇ ಮಾಡಿ. 1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಕೊಟ್ಟ ಅಂದಾಜು ಇಂದಿಗೂ ಚಾಲ್ತಿಯಲ್ಲಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ತುದಿಗೆ ಹದಿಮೂರು ಕಿಲೋಮೀಟರ್ ಎಂದು ಹಿಡಿದರೆ ಎರಡೂವರೆ ಗಂಟೆಗೆ ಸ್ವಲ್ಪ ಮೇಲೆ, 1,600 ಮೀಟರ್ ಏರಿಗೆ ಎರಡು ಗಂಟೆ ನಲವತ್ತು ನಿಮಿಷ. ಒಟ್ಟು ಐದೂಕಾಲು. ನಿಮಗೆ ಏಳೂಕಾಲು ಹಿಡಿಯಿತು. ಅದರಲ್ಲಿ ನಾಚಿಕೆಯೇನಿಲ್ಲ, ಅದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಆದರೆ ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮುಂಚೆ ಕತ್ತಲು. ಇಳಿಯಲು ನಿಮಗೆ ಸುಮಾರು ಆರು ಗಂಟೆ ಬೇಕಾಗಿದ್ದರೆ, ಹನ್ನೆರಡಕ್ಕೆ ಎಲ್ಲಿದ್ದರೂ ಅಲ್ಲಿಂದಲೇ ಹಿಂತಿರುಗಬೇಕಿತ್ತು. ದಾರಿಯ ಕಲ್ಲು ಮಂಟಪವಾದರೂ ಸರಿ, ಶೇಷ ಪರ್ವತವಾದರೂ ಸರಿ. ಈ ಸಲ ಹಿಂತಿರುಗುವ ಹೊತ್ತನ್ನು ಹೊರಡುವ ಮುಂಚೆಯೇ ಎಲ್ಲರೂ ಒಪ್ಪಿಕೊಂಡು ಬರೆದಿಟ್ಟುಕೊಳ್ಳಿ; ತುದಿ ಕಣ್ಣೆದುರಿಗಿರುವಾಗ ಯಾರ ಬುದ್ಧಿಯೂ ನೆಟ್ಟಗಿರುವುದಿಲ್ಲ.

ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿ ಅಲ್ಲಿಗೇ ಇಳಿದರೆ ದೂರವೂ ಕಡಿಮೆ, ಇಳಿತವೂ ಕಡಿಮೆ. ನವೆಂಬರಿನ ಕೊನೆಗೆ ಕಾಲು ತಯಾರಾಗಿಲ್ಲ ಅನ್ನಿಸಿದರೆ ಆ ದಾರಿ ಹಿಡಿಯಿರಿ, ಬೆಟ್ಟ ಅದೇ. ಯಾವ ಕಡೆಯಿಂದಾದರೂ ಅರಣ್ಯ ಇಲಾಖೆಯ ಅನುಮತಿಯ ನಿಯಮಗಳನ್ನು ಮೊದಲೇ ನೋಡಿಕೊಳ್ಳಿ, ಅವು ಬದಲಾಗುತ್ತಿರುತ್ತವೆ. ಊರುಗೋಲು ಎರಡಿರಲಿ, ಅಂಗಡಿಯದ್ದೇ ಆಗಬೇಕಿಲ್ಲ, ಎದೆಮಟ್ಟದ ಗಟ್ಟಿ ಬಿದಿರು ಸಾಕು. ಇಳಿಯುವಾಗ ಕಾಲಿಗಿಂತ ಮುಂಚೆ ಕೋಲು ಊರಿದರೆ ಮೊಣಕಾಲಿನ ಪಾಲಿನ ಭಾರವನ್ನು ತೋಳು ಹಂಚಿಕೊಳ್ಳುತ್ತದೆ. ಮೊಬೈಲನ್ನು ನಕ್ಷೆಗೆ ಬಿಟ್ಟು, ಹಣೆಗೆ ಕಟ್ಟುವ ದೀಪವೊಂದನ್ನು ಕೊಳ್ಳಿ. ಗಿರಿಗದ್ದೆಯ ಭಟ್ಟರ ಮನೆಯ ಊಟ ಇಳಿಯುವಾಗ ಸಿಕ್ಕರೆ ಅರ್ಧ ಹೊಟ್ಟೆ ಉಣ್ಣಿ, ಆ ಮಜ್ಜಿಗೆಯ ಮುಂದೆ ಇದು ಕಠಿಣ ಸಲಹೆ ಎಂದು ಬಲ್ಲೆ.

ಇಷ್ಟರ ನಡುವೆ ಯಾವಾಗಲಾದರೂ ಮೊಣಕಾಲು ಕೆಲವೇ ಗಂಟೆಗಳಲ್ಲಿ ಬಾತುಕೊಂಡರೆ, ಬಗ್ಗಿಸಿದ್ದು ನೆಟ್ಟಗಾಗದೆ ಸಿಕ್ಕಿಹಾಕಿಕೊಂಡರೆ, ನಡೆಯುವಾಗ ತಾನಾಗಿ ಕುಸಿದರೆ, ಅಥವಾ ನಿದ್ದೆಯಿಂದ ಎಬ್ಬಿಸುವಂಥ ನೋವಿದ್ದರೆ ಈ ಬರಹವನ್ನು ಮಡಿಚಿಟ್ಟು ಮೂಳೆ ತಜ್ಞರನ್ನು ಕಾಣಿ. ಹತ್ತುವಾಗ ಎದೆ ಬಿಗಿದರೆ ಅಂದೇ, ಆಗಲೇ.

ಮೊದಲ ಮಂಗಳವಾರ ಬೆಟ್ಟದ ಮೇಲಿನಿಂದ ಹೊರಟಾಗ ಮೆಟ್ಟಿಲುಗಳನ್ನು ಎಣಿಸಿಕೊಳ್ಳಿ. ಎಷ್ಟನೆಯದರಲ್ಲಿ ತೊಡೆ ನಡುಗಲು ಶುರುವಾಯಿತು ಎಂದು ಬರೆದಿಡಿ. ನವೆಂಬರಿನ ಕೊನೆಯ ಭಾನುವಾರ, ಬೆನ್ನಿಗೆ ಚೀಲವಿಟ್ಟುಕೊಂಡು, ಮತ್ತೆ ಎಣಿಸಿ. ಆ ಎರಡು ಸಂಖ್ಯೆಗಳನ್ನು ನನಗೆ ಕಳುಹಿಸಿ. ಕುಕ್ಕೆಯೋ ಬೀದಳ್ಳಿಯೋ ಎಂಬುದನ್ನು ಆಗ ನಿರ್ಧರಿಸೋಣ.